ಮಂದ್ರ ದನಿಯ ಪೆಟ್ಟಿಗೆಗಳು

(ಬಾನುಲಿ ಭಾಷಣ)

ಕಾಲೇಜಿನಲ್ಲಿ ಭೌತವಿಜ್ಞಾನ ಓದಿದವರಿಗೆಲ್ಲ ವೀಟ್‌ಸ್ಟನ್ ಎಂಬ ಹೆಸರು ಪರಿಚಿತವಾದುದೇ. ನಾಲ್ಕು ರೋಧಕಗಳನ್ನು ಜೋಡಿಸಿ, ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಯ ಮೇಲೆ ಬಂದು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯುವ ಆ 'ವೀಟ್‌ಸ್ಟನ್ ಸೇತುವೆ'ಯ ಪ್ರಯೋಗವನ್ನು ಹುಡುಗರಿಂದ ಮಾಡಿಸುವುದು ನನ್ನ ಉದ್ಯೋಗವಾಗಿತ್ತು. ನೌಕರಿಗೆ ಸೇರಿ ಹತ್ತು ವರ್ಷ ಆ ಹೆಸರನ್ನು ಕರಿಹಲಗೆಯ ಮೇಲೆ ಬರೆದರೂ, ಆ ಮನುಷ್ಯ ಸಂಗೀತವಾದ್ಯಗಳನ್ನು ಮಾರುವ ಮನೆತನದಲ್ಲಿ ಬೆಳೆದವನೆಂಬುದಾಗಲಿ, ಕನ್ಸರ್ಟೀನಾ ಎಂಬ ವಾದ್ಯದ ಜನಕನೆಂಬುದಾಗಲಿ ನನಗೆ ತಿಳಿದಿರಲಿಲ್ಲ. ಅದು ತಿಳಿದದ್ದು 1979ರಲ್ಲಿ, ತರಬೇತಿಗಾಗಿ ಒಂದು ವರ್ಷ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿದ್ದಾಗ, ಅಲ್ಲಿಯ ಹಳೆಯ ಸಾಮಾನಿನ ಒಂದು ಸಂತೆಯಲ್ಲಿ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಆ ಸೇತುವೆಯನ್ನು ಮೊದಲು ಯೋಚಿಸಿದವನು ವೀಟ್‌ಸ್ಟನ್ ಅಲ್ಲ. 1833ರಲ್ಲಿಯೇ ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ ಎಂಬಾತ ಅದನ್ನು ವಿವರಿಸಿದ್ದ. ಹತ್ತು ವರ್ಷದ ಮೇಲೆ ಅದನ್ನು ಬಳಕೆಗೆ ತಂದ ವೀಟ್‌ಸ್ಟನ್ ಈ ಮಾತನ್ನು ತಾನೇ ಒಪ್ಪಿಕೊಂಡಿದ್ದನಾದರೂ ಲೋಕವು ಆತನ ಹೆಸರಿನ ಚೀಟಿಯನ್ನೇ ಅಂಟಿಸಿಬಿಟ್ಟಿತು. ಚೀಟಿಯಲ್ಲಿರುವುದೇ ಬೇರೆ, ಒಳಗಿರುವುದೇ ಬೇರೆ ಎಂಬ ಈ ಮಾತು ಹಳೆಯ ಕನ್ಸರ್ಟೀನಾಗಳನ್ನು ಗುರುತಿಸಹೊರಟವನಿಗೆ ಮತ್ತೆ ಮತ್ತೆ ಎದುರಾಗುತ್ತದೆ.

ಕನ್ಸರ್ಟೀನಾ ಎಂದರೆ ಏನು? ಎರಡು ಅಂಗೈಗಳ ನಡುವೆ ಹಿಡಿಯಬಹುದಾದ ಆರು ಮೂಲೆಯ ಪೆಟ್ಟಿಗೆ. ಎರಡು ಕಡೆಯೂ ಕೊರೆದ ಜಾಲರಿಯ ಮುಖ, ಅದರಲ್ಲಿ ಪುಟ್ಟ ಪುಟ್ಟ ಗುಂಡಿಗಳ ಸಾಲು, ನಡುವೆ ಚರ್ಮದ ಮಡಿಕೆಯ ತಿದಿ. ತಿದಿಯನ್ನು ಒತ್ತಿದಾಗ, ಎಳೆದಾಗ ಗಾಳಿಯು ಲೋಹದ ನಾಲಿಗೆಗಳನ್ನು ಮಿಡಿದು ನಾದ ಹುಟ್ಟುತ್ತದೆ. ನಮ್ಮ ಹಾರ್ಮೋನಿಯಂ, ಅಂದರೆ ನಾಟಕದ ಕಂಪನಿಗಳ ಪೇಟಿ, ಇದೇ ಕುಲದ್ದು. 1829ರಲ್ಲಿ ವೀಟ್‌ಸ್ಟನ್ ಬಾಯಿಂದ ಊದುವ ಸಿಂಫೋನಿಯಂ ಎಂಬ ಪುಟ್ಟ ವಾದ್ಯಕ್ಕೆ ಪೇಟೆಂಟ್ ಪಡೆದ. ಅದರ ಗುಂಡಿಗಳ ಜೋಡಣೆಗೆ ತಿದಿ ಸೇರಿ ಕನ್ಸರ್ಟೀನಾ ಆಯಿತು. 1844ರಲ್ಲಿ ಅದಕ್ಕೂ ಪೇಟೆಂಟ್ ಬಂತು. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಗೆರೆಗಳ ಮೇಲೆ ಬರೆಯುವ ಸ್ವರಗಳೆಲ್ಲ ಎಡಗೈಗೆ, ಗೆರೆಗಳ ನಡುವಿನ ಸ್ವರಗಳೆಲ್ಲ ಬಲಗೈಗೆ. ಹೀಗೆ ಒಂದು ಆರೋಹಣವನ್ನು ಎರಡು ಕೈಗಳು ಮಾತಿಗೆ ಮಾತು ಕೊಡುವಂತೆ ಹಂಚಿಕೊಂಡು ನುಡಿಸುತ್ತವೆ. ಇಂಗ್ಲಿಷ್ ಕನ್ಸರ್ಟೀನಾ ಎಂದು ಕರೆಯುವುದು ಇದನ್ನೇ. ಒತ್ತಿದರೂ ಎಳೆದರೂ ಒಂದು ಗುಂಡಿಗೆ ಒಂದೇ ಸ್ವರ. ಮೌತ್ ಆರ್ಗನ್ನಿನಂತೆ ಒತ್ತಿದಾಗ ಒಂದು, ಎಳೆದಾಗ ಇನ್ನೊಂದು ಸ್ವರ ನುಡಿಯುವ ಬೇರೆಯೊಂದು ಪಂಗಡವುಂಟು. ಅದರ ಮೂಲ ಜರ್ಮನಿಯ ಕೆಮ್ನಿಟ್ಸ್ ಊರಿನಲ್ಲಿ.

ಸಾಮಾನ್ಯವಾಗಿ ಕಾಣಸಿಗುವುದು ಟ್ರೆಬಲ್ ಎಂಬ ಎತ್ತರದ ದನಿಯ ಕನ್ಸರ್ಟೀನಾ. ಅದಕ್ಕೆ 48 ಗುಂಡಿ. ಅದರ ಅತಿ ಕೆಳಗಿನ ಸ್ವರ ಪಿಟೀಲಿನ ಕೆಳಗಿನ ತಂತಿಯ ಜಿ, ಸೆಕೆಂಡಿಗೆ 196 ಕಂಪನಗಳು. ಬಿಳಿ ಒಂದರಲ್ಲಿ ಹಾಡುವ ಗಂಡಸಿನ ಮಧ್ಯಮ ಸ್ಥಾಯಿಯ ಪಂಚಮವೆಂದರೆ ನಮ್ಮವರಿಗೆ ಬೇಗ ತಿಳಿದೀತು. ಅಂದರೆ ನಮ್ಮ ಗಾಯಕನು ಅರ್ಧ ದಾರಿ ಹತ್ತಿದ ಮೇಲೆ ಈ ವಾದ್ಯ ಬಾಯಿ ತೆರೆಯುತ್ತದೆ. ಅದಕ್ಕಿಂತ ಕೆಳಗಿಳಿಯಲು ಟೆನರ್, ಬ್ಯಾರಿಟೋನ್, ಬಾಸ್ ಎಂಬ ವಾದ್ಯಗಳನ್ನು ಮಾಡಿದರು. ಬ್ಯಾರಿಟೋನಿನ ಕೆಳಗಿನ ಸ್ವರ 98 ಕಂಪನಗಳದ್ದು. ಅದೇ ಗಾಯಕನ ಮಂದ್ರ ಪಂಚಮ. ಬಾಸ್ ಇನ್ನೂ ಇಳಿದು ಮಂದ್ರ ಷಡ್ಜವನ್ನು ಮುಟ್ಟುತ್ತದೆ; ಕೆಲವು ಅದಕ್ಕೂ ಕೆಳಗೆ ಹೋಗುತ್ತವೆ. ನಾನು ಇಂದು ಹೇಳಹೊರಟಿರುವುದು ಈ ಮಂದ್ರದವರ ಕಥೆಯನ್ನು.

ಇವು ಮೊದಲಿನಿಂದಲೂ ಕಡಮೆ ಸಂಖ್ಯೆಯವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕನ್ಸರ್ಟೀನಾ ಲಂಡನ್ನಿನ ಸಿರಿವಂತರ ದಿವಾನಖಾನೆಯ ವಾದ್ಯವಾಗಿತ್ತು. ಜೂಲಿಯೋ ರೆಗೊಂಡಿಯಂಥ ಮಹಾ ವಾದಕರು ಅದನ್ನು ಕಛೇರಿಯ ವೇದಿಕೆಗೆ ಏರಿಸಿದ್ದರು. ಮನೆಯಲ್ಲಿ ಹಾಡಿನ ಧಾಟಿ ನುಡಿಸುವವರಿಗೆ ಟ್ರೆಬಲ್ ಸಾಕು. ಮಂದ್ರದ ಪೆಟ್ಟಿಗೆ ಯಾರಿಗೆ ಬೇಕು? ಅದು ಬೇಕಾದದ್ದು ಮುಂದೆ, ಬೆಲೆ ಇಳಿದು ವಾದ್ಯವು ದುಡಿಯುವವರ ಕೈಗೆ ಬಂದಾಗ. ಯಾರ್ಕ್‌ಷೈರ್, ಲ್ಯಾಂಕಾಷೈರ್‌ಗಳ ಗಿರಣಿಯ ಊರುಗಳಲ್ಲಿ, ಕಲ್ಲಿದ್ದಲ ಗಣಿಯ ಊರುಗಳಲ್ಲಿ ಆ ಶತಮಾನದ ಕೊನೆಯ ಭಾಗದಿಂದ ಕನ್ಸರ್ಟೀನಾ ಬ್ಯಾಂಡ್‌ಗಳು ಹುಟ್ಟಿಕೊಂಡವು. ಹೆಕ್‌ಮಂಡ್‌ವೈಕ್, ಮೆಕ್ಸ್‌ಬರೋ ಮುಂತಾದ ಊರುಗಳ ಬ್ಯಾಂಡ್‌ಗಳು ಹೆಸರು ಮಾಡಿದವು. ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ ಅವುಗಳ ಸ್ಪರ್ಧೆಗಳೂ ನಡೆದವು. ಹಿತ್ತಾಳೆ ಬ್ಯಾಂಡಿನ ಸಂಗೀತವನ್ನೇ ಅವರು ತಿದಿಗಳ ಮೇಲೆ ನುಡಿಸುತ್ತಿದ್ದರು. ಮೇಲಿನ ಧಾಟಿಗೆ ಟ್ರೆಬಲ್‌ಗಳು, ಕೆಳಗಿನ ಆಧಾರಕ್ಕೆ ಬ್ಯಾರಿಟೋನ್, ಬಾಸ್. ಒಂದು ಬ್ಯಾಂಡಿಗೆ ಬೇಕಾಗುವ ಬಾಸ್‌ಗಳು ಕೆಲವೇ. ಯುದ್ಧಗಳು ಬಂದು ಬ್ಯಾಂಡುಗಳು ಚದುರಿದಾಗ ಟ್ರೆಬಲ್ ವಾದಕ ತನ್ನ ವಾದ್ಯವನ್ನು ಮನೆಗೊಯ್ದು ಒಬ್ಬನೇ ನುಡಿಸಬಹುದಾಗಿತ್ತು. ಬಾಸ್ ವಾದಕ ಒಬ್ಬನೇ ಕುಳಿತು ಏನು ನುಡಿಸಬೇಕು? ಅವನ ಪೆಟ್ಟಿಗೆ ಅಟ್ಟವನ್ನು ಸೇರಿತು, ಇಲ್ಲವೆ ಬಿಡಿಭಾಗಗಳಿಗಾಗಿ ಬಿಚ್ಚಿಹೋಯಿತು.

ಸಂತೆಯಲ್ಲಿ ನನಗೆ ಕಂಡದ್ದು ಅಂಥದೇ ಒಂದು ಪೆಟ್ಟಿಗೆ. ಹತ್ತು ಅಂಗುಲ ಅಗಲದ, ಕಪ್ಪು ಬಣ್ಣದ, ಒಂದು ಕೈಯಲ್ಲಿ ಎತ್ತಲಾಗದ ಗಾತ್ರ. "ಕೆಟ್ಟುಹೋಗಿದೆ, ಬೇಕಾದರೆ ಅಲಂಕಾರಕ್ಕೆ ಇಟ್ಟುಕೊಳ್ಳಿ" ಎಂದು ಅಂಗಡಿಯವನು ಅಗ್ಗವಾಗಿ ಕೊಟ್ಟ. ಕೆಟ್ಟಿದೆಯೆಂದೇ ನನಗೂ ಅನ್ನಿಸಿತು. ಯಾವ ಗುಂಡಿಯನ್ನು ಒತ್ತಿ ತಿದಿಯನ್ನು ಎಳೆದರೂ ಬುಸ್ಸೆಂಬ ಗಾಳಿಯ ಸದ್ದೇ ಹೊರತು ನಾದವಿಲ್ಲ. ನಾನು ಬಾಡಿಗೆಗಿದ್ದ ಮನೆಯ ಪಕ್ಕದಲ್ಲಿ ಗಣಿಯಿಂದ ನಿವೃತ್ತನಾದ ಒಬ್ಬ ಮುದುಕನಿದ್ದ. ಅವನ ತಂದೆ ಬ್ಯಾಂಡಿನಲ್ಲಿ ಬಾಸ್ ನುಡಿಸಿದವನಂತೆ. ಪೆಟ್ಟಿಗೆಯನ್ನು ನೋಡಿ ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೊಣಕಾಲ ಮೇಲಿಟ್ಟುಕೊಂಡು ತಿದಿಯನ್ನು ಪೂರ್ತಿ ಎಳೆದು, ಒಂದು ಗುಂಡಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದ. ಕಿಟಕಿಯ ಗಾಜು ಅದುರುವಂಥ ಮಂದ್ರ ನಾದ ಎದ್ದಿತು.

"ತಮ್ಮಾ, ಇದು ಕೆಟ್ಟಿಲ್ಲ. ಇದು ಉಸಿರೆಳೆದುಕೊಳ್ಳುವಾಗ ಮಾತಾಡುವುದಿಲ್ಲ, ಅಷ್ಟೆ" ಎಂದ.

ಬಾಸ್ ಕನ್ಸರ್ಟೀನಾಗಳಲ್ಲಿ ಅನೇಕವು ಹೀಗೆಯೇ. ಮಂದ್ರದ ನಾಲಿಗೆಗಳು ಉದ್ದವಾದವು. ಒತ್ತಿದಾಗ ಒಂದು, ಎಳೆದಾಗ ಒಂದು ಎಂದು ಪ್ರತಿ ಸ್ವರಕ್ಕೂ ಎರಡು ನಾಲಿಗೆಗಳನ್ನಿಟ್ಟರೆ ಪೆಟ್ಟಿಗೆ ಹೊರಲಾರದಷ್ಟು ದೊಡ್ಡದಾಗುತ್ತದೆ. ಆದ್ದರಿಂದ ಒಂದೇ ನಾಲಿಗೆ. ನುಡಿಯುವುದು ಒತ್ತಿದಾಗ ಮಾತ್ರ. ಎಳೆದಾಗ ದೊಡ್ಡ ಕವಾಟಗಳು ತೆರೆದುಕೊಂಡು ಗಾಳಿಯನ್ನು ಒಮ್ಮೆಲೇ ಒಳಗೆ ತುಂಬಿಕೊಳ್ಳುತ್ತವೆ. ಇದನ್ನರಿಯದೆ 'ಕೆಟ್ಟಿದೆ' ಎಂದು ಎಷ್ಟು ಬಾಸ್‌ಗಳನ್ನು ಜನ ಒಡೆದುಹಾಕಿದ್ದಾರೋ! ಮುದುಕ ಇನ್ನೊಂದು ಮಾತನ್ನೂ ಹೇಳಿದ. ದೊಡ್ಡ ನಾಲಿಗೆ ಮಿಡಿಯಲು ತಡ ಮಾಡುತ್ತದೆ. ಆದ್ದರಿಂದ ಬಾಸ್ ನುಡಿಸುವವನು ಎಲ್ಲರಿಗಿಂತ ಒಂದು ಕೂದಲೆಳೆಯಷ್ಟು ಮೊದಲೇ ಒತ್ತಬೇಕು. ಅವನು ಮೊದಲು ಒತ್ತಿದರೆ ಮಾತ್ರ ಕೇಳುವವರಿಗೆ ಎಲ್ಲರೂ ಕೂಡಿ ಬಂದಂತೆ ಕೇಳಿಸುತ್ತದೆ.

ಅಂದಿನಿಂದ ನನಗೆ ಈ ಮಂದ್ರ ವಾದ್ಯಗಳ ಹುಚ್ಚು ಹಿಡಿಯಿತು. ಗುರುತಿಸುವ ಬಗೆಯನ್ನು ನಾನು ಕಲಿತ ಕ್ರಮದಲ್ಲಿಯೇ ಹೇಳುತ್ತೇನೆ. ಮೊದಲನೆಯದು ಗಾತ್ರ. ಟ್ರೆಬಲ್ ಆರು ಅಂಗುಲಕ್ಕೆ ತುಸು ಹೆಚ್ಚು. ಬ್ಯಾರಿಟೋನ್ ಏಳೂವರೆಯ ಆಸುಪಾಸು. ಬಾಸ್ ಒಂಬತ್ತು, ಹತ್ತು. ಆದರೆ ಗಾತ್ರವೊಂದನ್ನೇ ನಂಬುವಂತಿಲ್ಲ. ಗುಂಡಿಗಳು ಹೆಚ್ಚಿದರೂ ಪೆಟ್ಟಿಗೆ ಹಿಗ್ಗುತ್ತದೆ. ಎರಡನೆಯದು ಮೂಲೆಗಳ ಎಣಿಕೆ. ಆರು ಮೂಲೆಯವು ಎಲ್ಲರವೂ ಹೌದು. ಎಂಟು ಮೂಲೆಯದಾದರೆ ಬಹುಮಟ್ಟಿಗೆ ವೀಟ್‌ಸ್ಟನ್ ಕಂಪನಿಯ ಈಯೋಲಾ. ಹನ್ನೆರಡು ಮೂಲೆಯದಾದರೆ ಲಾಶೆನಾಲ್ ಕಂಪನಿಯ ಎಡಿಯೋಫೋನ್. ಇವು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಿಂದ ಈಚಿನವು. ಮೂರನೆಯದು ಗುಂಡಿಗಳ ಬಣ್ಣ. ಎಲುಬಿನ ಗುಂಡಿಗಳಲ್ಲಿ ಸಿ ಸ್ವರಕ್ಕೆ ಕೆಂಪು, ಉಳಿದ ಶುದ್ಧ ಸ್ವರಗಳಿಗೆ ಬಿಳಿ, ವಿಕೃತ ಸ್ವರಗಳಿಗೆ ಕಪ್ಪು. ಇಲ್ಲಿಯೇ ಹೊಸಬನು ಮೋಸಹೋಗುವುದು. ಬ್ಯಾರಿಟೋನಿನ ಗುಂಡಿಗಳ ಜೋಡಣೆ, ಬಣ್ಣ ಎಲ್ಲವೂ ಟ್ರೆಬಲ್‌ನಂತೆಯೇ. ನುಡಿಯುವುದು ಮಾತ್ರ ಒಂದು ಸ್ಥಾಯಿ ಕೆಳಗೆ. ಚಿತ್ರ ನೋಡಿ ಅದನ್ನು ಗುರುತಿಸುವುದು ಕಷ್ಟ. ಕಿವಿಗೊಟ್ಟರೆ ಒಂದು ಕ್ಷಣದ ಕೆಲಸ.

ಅನುಮಾನ ಉಳಿದರೆ ಬಿಚ್ಚಿ ನೋಡಬೇಕು. ಒಂದು ಮುಖದ ಅಂಚಿನ ಆರು ತಿರುಪುಗಳನ್ನು ತೆಗೆದರೆ ಒಳಗೆ ಮರದ ಹಲಗೆ. ಅದರಲ್ಲಿ ಗಾಲಿಯ ಅರೆಕಾಲುಗಳಂತೆ ಸುತ್ತಲೂ ಜೋಡಿಸಿದ ಹಿತ್ತಾಳೆಯ ಚೌಕಟ್ಟುಗಳು. ಪ್ರತಿ ಚೌಕಟ್ಟಿನಲ್ಲಿ ಹಿತ್ತಾಳೆಯ ಇಲ್ಲವೆ ಉಕ್ಕಿನ ನಾಲಿಗೆ. ಹಾರ್ಮೋನಿಯಂನಲ್ಲಿರುವಂತೆ ತಿರುಪಿನಿಂದ ಬಿಗಿದವಲ್ಲ. ಓರೆಯಾಗಿ ಕೊರೆದ ತೋಡಿನೊಳಗೆ ಚೌಕಟ್ಟು ಜಾರಿ ಕುಳಿತಿರುತ್ತದೆ, ಬೆರಳಿನಿಂದ ಹೊರಗೆಳೆಯಬಹುದು. ಚೌಕಟ್ಟಿನ ಮೇಲೆ ಸ್ವರದ ಹೆಸರು ಕೊರೆದಿರುತ್ತದೆ. ಮಂದ್ರದ ನಾಲಿಗೆಯ ತುದಿಯನ್ನು ಗಮನಿಸಿ: ಅಲ್ಲಿ ಲೋಹದ ಒಂದು ಪುಟ್ಟ ಗಂಟು ಭಾರವಾಗಿ ಕುಳಿತಿರುತ್ತದೆ. ನಾಲಿಗೆಯನ್ನು ಇನ್ನಷ್ಟು ಉದ್ದ ಮಾಡಲು ಜಾಗವಿಲ್ಲದಿರುವಾಗ ತುದಿಗೆ ಭಾರ ಹಾಕಿ ಕಂಪನವನ್ನು ನಿಧಾನಗೊಳಿಸುವ ಉಪಾಯ ಇದು. ತೂಗುಯ್ಯಾಲೆಗೆ ಇಬ್ಬರು ಕುಳಿತರೆ ಬೇಗ ತೂಗದೆಂದು ಯಾರೂ ತಿಳಿಯಬೇಡಿ, ಅದು ಬೇರೆ ಪಾಠ. ಚಾಚಿದ ಅಡಿಪಟ್ಟಿಯ ತುದಿಗೆ ನಾಣ್ಯ ಅಂಟಿಸಿ ಮಿಡಿದು ನೋಡಿದರೆ ಇದು ತಿಳಿಯುತ್ತದೆ.

ಇನ್ನು ಹೆಸರಿನ ಚೀಟಿ. ಕನ್ಸರ್ಟೀನಾದ ಮುಖದಲ್ಲಿರುವ ಹೆಸರು ಎಷ್ಟೋ ವೇಳೆ ಮಾಡಿದವನದಲ್ಲ, ಮಾರಿದವನದು. ಸ್ವಿಟ್ಸರ್ಲೆಂಡಿನಿಂದ ಬಂದ ಲೂಯಿ ಲಾಶೆನಾಲ್ ಮೊದಲು ವೀಟ್‌ಸ್ಟನ್ನರಿಗೆ ಕೆಲಸ ಮಾಡಿಕೊಟ್ಟು, ಆಮೇಲೆ ಸ್ವಂತ ಕಾರ್ಖಾನೆ ಇಟ್ಟ. ಆ ಕಾರ್ಖಾನೆಯ ವಾದ್ಯಗಳು ಎಷ್ಟೋ ಅಂಗಡಿಗಳ ಹೆಸರಿನಲ್ಲಿ ಮಾರಾಟವಾದವು. ಆದ್ದರಿಂದ ಒಳಗಿನ ಮರದ ಭಾಗಗಳ ಮೇಲೆ ಒತ್ತಿದ ಸಂಖ್ಯೆಯನ್ನು ನೋಡಬೇಕು. ಎರಡು ಕಡೆಯೂ ಒಂದೇ ಸಂಖ್ಯೆಯಿದ್ದರೆ ಅದು ಒಂದೇ ತಾಯಿಯ ಮಗು. ಬೇರೆ ಬೇರೆ ಇದ್ದರೆ ಎರಡು ಹೆಣಗಳಿಂದ ಕೂಡಿಸಿದ್ದು. ವೀಟ್‌ಸ್ಟನ್ ಕಂಪನಿಯ ಹಳೆಯ ಲೆಕ್ಕದ ಪುಸ್ತಕಗಳು ಬಹುಮಟ್ಟಿಗೆ ಉಳಿದುಬಂದಿವೆ. ಅವು ಈಗ ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿವೆ. 1996ರಲ್ಲಿ ಆ ಸಂಸ್ಥೆ ದೊಡ್ಡದೊಂದು ಕನ್ಸರ್ಟೀನಾ ಸಂಗ್ರಹವನ್ನು ಕೊಂಡಿತು. ಪುಸ್ತಕಗಳ ಪುಟಗಳ ಚಿತ್ರಗಳನ್ನು ಈಗ ಮನೆಯಲ್ಲಿಯೇ ಕಂಪ್ಯೂಟರಿನಲ್ಲಿ ನೋಡಬಹುದು. ಲಾಶೆನಾಲ್ ವಾದ್ಯಗಳಿಗೆ ಆ ಭಾಗ್ಯವಿಲ್ಲ. ಸಂಖ್ಯೆಗಳನ್ನು ಹೋಲಿಸಿ ಕಾಲವನ್ನು ಊಹಿಸಬೇಕು.

ಇಷ್ಟೆಲ್ಲ ಕಲಿತವನು ಮಾಡಿದ ಒಂದು ತಪ್ಪನ್ನು ಹೇಳದೆ ಈ ಭಾಷಣವನ್ನು ಮುಗಿಸುವುದು ಅಪ್ರಾಮಾಣಿಕವಾದೀತು.

ಅದೇ ವರ್ಷ ನನಗೆ ವೀಟ್‌ಸ್ಟನ್ ಕಂಪನಿಯ ಬಹು ಹಳೆಯ ಒಂದು ಬ್ಯಾರಿಟೋನ್ ಸಿಕ್ಕಿತು. ಹಿತ್ತಾಳೆಯ ನಾಲಿಗೆಗಳು, ಮೃದುವಾದ, ಗದ್ಗದವೆನ್ನಬಹುದಾದ ದನಿ. ಆದರೆ ಪಿಯಾನೋದ ಪಕ್ಕದಲ್ಲಿಟ್ಟು ನುಡಿಸಿದರೆ ಎಲ್ಲವೂ ಎತ್ತರ. ಅದಕ್ಕೆ ಕಾರಣ ಗೊತ್ತಿತ್ತು. 1850ರ ಸುಮಾರಿಗೆ ಲಂಡನ್ನಿನ ಫಿಲ್‌ಹಾರ್ಮೋನಿಕ್ ಶ್ರುತಿಯಲ್ಲಿ ಎ ಸ್ವರ ಸುಮಾರು 452 ಕಂಪನಗಳಷ್ಟಿತ್ತು. ಇಂದಿನ 440 ಒಪ್ಪಂದವಾದದ್ದು 1939ರಲ್ಲಿ. ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಜಿ ಶಾರ್ಪ್ ಮತ್ತು ಎ ಫ್ಲ್ಯಾಟ್ ಎಂಬ ಎರಡು ಗುಂಡಿಗಳು ಒಂದೇ ಸ್ವರವನ್ನು ನುಡಿಯಬೇಕಷ್ಟೆ. ನಮ್ಮ ಹಾರ್ಮೋನಿಯಂನಲ್ಲಿ ಅವೆರಡಕ್ಕೂ ಒಂದೇ ಕರಿಮನೆ. ಇಲ್ಲಿ ಅವು ಬೇರೆ ಬೇರೆ ನುಡಿದವು. ಹಳತಾಗಿ ಕೆಟ್ಟಿದೆಯೆಂದು ತೀರ್ಮಾನಿಸಿ ರಿಪೇರಿ ಮಾಡುವ ಒಬ್ಬರ ಬಳಿಗೆ ಒಯ್ದೆ. ಅವರು ಕೇಳಿ ನೋಡಿ, "ಇದು ದೋಷವಲ್ಲ, ಇದರ ಹಳೆಯ ಶ್ರುತಿಯೇ ಹೀಗೆ. ನಿಜವಾಗಿಯೂ ಬದಲಾಯಿಸಬೇಕೆ?" ಎಂದು ಎರಡು ಸಲ ಕೇಳಿದರು. ಊರಿನಲ್ಲಿ ಹಾರ್ಮೋನಿಯಂ ಜೊತೆ ನುಡಿಸಬೇಕು, ಹೊಂದಿಸಿ ಎಂದೆ. ಭೌತವಿಜ್ಞಾನದ ಮೇಷ್ಟರಲ್ಲವೆ, ಆವೃತ್ತಿಯ ಲೆಕ್ಕವನ್ನೂ ಬರೆದುಕೊಟ್ಟೆ.

ನಾಲಿಗೆಯ ಶ್ರುತಿಯನ್ನು ಏರಿಸಬೇಕಾದರೆ ತುದಿಯ ಲೋಹವನ್ನು, ಇಳಿಸಬೇಕಾದರೆ ಬುಡದ ಲೋಹವನ್ನು ಅರದಿಂದ ಉಜ್ಜಿ ತೆಗೆಯಬೇಕು. ಏರಿಸಲಿ, ಇಳಿಸಲಿ, ಹೋಗುವುದು ಲೋಹವೇ. ಹೋದದ್ದು ಮರಳಿ ಬರುವುದಿಲ್ಲ. ಎರಡು ವಾರದ ಮೇಲೆ ವಾದ್ಯವನ್ನು ತರಲು ಹೋದಾಗ ಅವರು ಅದರೊಂದಿಗೆ ಕಾಗದದ ಒಂದು ಪುಟ್ಟ ಪೊಟ್ಟಣವನ್ನೂ ಕೊಟ್ಟರು. ಬಿಚ್ಚಿದರೆ ಒಂದು ಚಿಟಿಕೆ ಹಿತ್ತಾಳೆಯ ಪುಡಿ. "ನಿಮ್ಮದು, ನಿಮಗೇ ಇರಲಿ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಇದರ ಅರ್ಥ ನನಗಾದದ್ದು ಕೆಲವು ವರ್ಷಗಳ ಮೇಲೆ, ಧಾರವಾಡದ ನಮ್ಮ ಮನೆಯಲ್ಲಿ, ಒಂದು ಸಂಜೆ ಮಗಳು ತಂಬೂರಿ ಶ್ರುತಿ ಮಾಡುತ್ತಿದ್ದಾಗ. ಷಡ್ಜದ ತಂತಿ ಸರಿಯಾಗಿ ಕೂಡಿದಾಗ ಅದರೊಳಗಿಂದ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಬರುತ್ತದೆಯಷ್ಟೆ. ಅದು ಹಾರ್ಮೋನಿಯಂನ ಗಾಂಧಾರವಲ್ಲ. ಅದಕ್ಕಿಂತ ತುಸು ಕೆಳಗಿನ, ನೆಮ್ಮದಿಯ ಗಾಂಧಾರ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದಾಗ ಈ ಗಾಂಧಾರ ಬಲಿಯಾಗುತ್ತದೆ. ಇದೇ ಆಕಾಶವಾಣಿಯು 1940ರ ಮಾರ್ಚಿಯಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿ 1971ರವರೆಗೆ ತೆರೆಯದಿದ್ದುದಕ್ಕೆ ಹೇಳಿದ ಕಾರಣಗಳಲ್ಲಿ ಇದೂ ಒಂದು. ಆದರೆ ಇಂಗ್ಲಿಷ್ ಕನ್ಸರ್ಟೀನಾದ ಸಪ್ತಕಕ್ಕೆ ಹನ್ನೆರಡಲ್ಲ, ಹದಿನಾಲ್ಕು ಗುಂಡಿಗಳು. ಮೊದಲ ದಶಕಗಳಲ್ಲಿ ಅದನ್ನು ಸಮಪಾಲಿನ ಶ್ರುತಿಗೆ ಕೂಡಿಸುತ್ತಿರಲಿಲ್ಲ; ಗಾಂಧಾರವು ಶುದ್ಧವಾಗಿ ಉಳಿಯಲೆಂದೇ ಜಿ ಶಾರ್ಪನ್ನೂ ಎ ಫ್ಲ್ಯಾಟನ್ನೂ ಬೇರೆ ಬೇರೆ ಇಟ್ಟಿದ್ದರು. ತಂಬೂರಿಯ ಗಾಂಧಾರಕ್ಕೆ ಅಷ್ಟು ಹತ್ತಿರದ ಸ್ವರವನ್ನು ಮಂದ್ರದಲ್ಲಿ ನುಡಿಯುತ್ತಿದ್ದ, ನೂರಿಪ್ಪತ್ತು ವರ್ಷ ಹಾಗೆಯೇ ಉಳಿದುಬಂದಿದ್ದ ಒಂದು ಪೆಟ್ಟಿಗೆಯನ್ನು ತಂಬೂರಿಯ ನಾಡಿನವನಾದ ನಾನು ಹಣ ಕೊಟ್ಟು 'ಸರಿ' ಮಾಡಿಸಿದ್ದೆ.

ಮಗಳು ಲಂಡನ್ನಿನಲ್ಲಿ ನೆಲೆಸಿದ ಮೇಲೆ, ಅವಳ ಮನೆಯಲ್ಲಿ ಕುಳಿತು ಆ ಲೆಕ್ಕದ ಪುಸ್ತಕಗಳಲ್ಲಿ ನನ್ನ ಬ್ಯಾರಿಟೋನಿನ ಸಂಖ್ಯೆಯನ್ನು ಹುಡುಕಿದೆ. 1850ರ ದಶಕದ ಒಂದು ಪುಟ. ಓರೆಯಾದ ಶಾಯಿಯ ಬರಹ. ಸಂಖ್ಯೆಯ ಮುಂದೆ 'ಮಿಸ್' ಎಂಬುದರೊಡನೆ ಒಂದು ಹೆಸರು. ಆಕೆ ಯಾರೋ ತಿಳಿಯದು. ಆಕೆ ಕೇಳಿದ ದನಿಯನ್ನು ನಾನೂ ಕೇಳಿದ್ದೆ. ನನ್ನ ನಂತರ ಇನ್ನಾರೂ ಕೇಳಲಾರರು.

ಆದ್ದರಿಂದ ಸಂಗ್ರಹಕ್ಕೆ ಕೈಹಾಕುವವರಿಗೆ ನನ್ನ ವಿನಂತಿ ಇಷ್ಟೆ. ಚರ್ಮ ಹರಿದಿದ್ದರೆ ಹೊಸ ಚರ್ಮ ಹಾಕಿಸಿ. ತಿದಿಗೆ ತೇಪೆ ಹಚ್ಚಿಸಿ. ಅವು ಸವೆಯಲೆಂದೇ ಇರುವ ಭಾಗಗಳು. ನಾಲಿಗೆಯ ಮೇಲೆ ಅರ ಇಡುವ ಮುನ್ನ ಮಾತ್ರ ಪ್ರತಿ ಸ್ವರದ ಕಂಪನವನ್ನೂ ಅಳೆದು ಬರೆದಿಡಿ. ಹಾಗೆ ಬರೆಯುತ್ತ ಹೋದರೆ, ಕೆಟ್ಟಿದೆ ಎಂದುಕೊಂಡದ್ದು ಕೆಟ್ಟಿಲ್ಲವೆಂದು ಆ ಪಟ್ಟಿಯೇ ನಿಮಗೆ ಹೇಳಬಹುದು.

ಬಾಸ್ ಏನಾಯಿತೆಂದು ಕೇಳುವಿರಿ. ಇಂಗ್ಲೆಂಡಿನ ತೇವದಲ್ಲಿ ಬಲಿತ ಮರಕ್ಕೆ ನಮ್ಮ ಏಪ್ರಿಲ್ ತಿಂಗಳ ಬಿಸಿಲು ಒಗ್ಗಲಿಲ್ಲ. ಹಲಗೆ ಒಣಗಿ ಕುಗ್ಗಿ, ಚೌಕಟ್ಟುಗಳು ತೋಡಿನಲ್ಲಿ ಸಡಿಲವಾಗಿ ಗಡಗಡ ಅಲುಗಾಡತೊಡಗಿದವು. ಕಾಗದದ ಎಳೆಗಳನ್ನು ತುರುಕಿ ಬಿಗಿ ಮಾಡಿದೆ. ಡಬ್ಬಿಯಲ್ಲಿ ತೇವದ ಸ್ಪಂಜು ಇಟ್ಟೆ. ಮಳೆಗಾಲ ಬಂದರೆ ಸುಧಾರಿಸುತ್ತಿತ್ತು, ಬೇಸಗೆಗೆ ಮತ್ತೆ ಅದೇ ಗೋಳು. ಜೊತೆಗೆ ನುಡಿಸುವವರಿಲ್ಲದ ಬಾಸ್ ನನ್ನ ಮನೆಯಲ್ಲಿಯೂ ಅಟ್ಟದ ಪೆಟ್ಟಿಗೆಯೇ ಆಗಿತ್ತು. ಮಗಳ ಮನೆಗೆ ಹೋಗುವಾಗ ಅದನ್ನು ಹೊತ್ತೊಯ್ದು, ಅಲ್ಲಿ ವಾರಕ್ಕೊಮ್ಮೆ ಕೂಡಿ ಕನ್ಸರ್ಟೀನಾ ನುಡಿಸುವ ಒಂದು ಹವ್ಯಾಸಿ ತಂಡಕ್ಕೆ ಕೊಟ್ಟುಬಂದೆ. ಅದನ್ನು ಮೊಣಕಾಲ ಮೇಲೆ ಏರಿಸಿಕೊಂಡ ಹೆಂಗಸಿಗೆ ಮುದುಕ ಹೇಳಿದ್ದ ಆ ಕೂದಲೆಳೆಯ ಮಾತನ್ನು ಹೇಳಿದೆ. ಆಕೆಗೆ ಅದು ಮೂರನೆಯ ಸಲಕ್ಕೆ ಕೈಗೂಡಿತು.

ಬ್ಯಾರಿಟೋನ್ ನನ್ನ ಬಳಿಯೇ ಇದೆ. ಹಾರ್ಮೋನಿಯಂ ಜೊತೆ ಚೆನ್ನಾಗಿಯೇ ಹೊಂದುತ್ತದೆ. ಅದರ ಡಬ್ಬಿಯಲ್ಲಿ ಹಿತ್ತಾಳೆ ಪುಡಿಯ ಆ ಪೊಟ್ಟಣವನ್ನು ಇಟ್ಟು, ಮೊದಲು ಇದರ ಶ್ರುತಿ ಹೇಗಿತ್ತು, ಯಾವ ವರ್ಷ ಯಾರು ಬದಲಾಯಿಸಿದರು ಎಂಬುದನ್ನು ನನ್ನ ಹೆಸರು ಹಾಕಿ ಬರೆದ ಒಂದು ಚೀಟಿಯನ್ನೂ ಇಟ್ಟಿದ್ದೇನೆ. ಮುಂದೆ ಅದು ಯಾರ ಕೈ ಸೇರಿದರೂ ಆ ಒಂದು ಚೀಟಿಯನ್ನು ಅವರು ನಂಬಬಹುದು.



(ಆಕಾಶವಾಣಿಯ ಕೃಪೆಯಿಂದ)